ಮಳೆಯೂರಿಂದ ಮಳೆಯೂರಿಗೆ

ನಮ್ಮ ವಿಭಾಗದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳಿಗೆ ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದಿಂದ ಆಹ್ವಾನ ಬಂದಿದೆ. ನವೆಂಬರಿನಲ್ಲಿ ಎರಡು ವಾರ. ಒಂದು ಉಪನ್ಯಾಸ ಕೊಡಬೇಕು, ಅಲ್ಲಿನ ತಂಡದ ಜೊತೆ ಕೂತು ಕೆಲಸ ಮಾಡಬೇಕು, ವಾಪಸು ಬರಬೇಕು. ಹುಡುಗಿ ಕುಮಟಾ ಕಡೆಯವಳು. ನಮ್ಮ ಕರಾವಳಿಯ ಮಳೆಯ ಮೇಲೆಯೇ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಪತ್ರ ಬಂದ ದಿನದಿಂದ ಅವಳ ನೋಟ್‌ಬುಕ್ಕಿನಲ್ಲಿ ಪಟ್ಟಿ ಬೆಳೆಯುತ್ತಲೇ ಇದೆ. ಜಾಕೆಟ್, ಬೂಟು, ವೀಸಾ, ವಿಮೆ, ಅಡಾಪ್ಟರ್, ಉಪ್ಪಿನಕಾಯಿ. ಎಲ್ಲವೂ ಬೇಕಾದವೇ. ಆದರೂ ಆ ಪಟ್ಟಿಯ ನೆತ್ತಿಯ ಮೇಲೆ ಇನ್ನೊಂದು ಸಾಲು ಬರೆಯಲು ಹೇಳಿದೆ: ಅಲ್ಲಿ ಯಾರನ್ನು ಏನು ಕೇಳಬೇಕು?

ಅಲ್ಪಾವಧಿಯ ಅಧ್ಯಯನ ಭೇಟಿಯ ಬಗ್ಗೆ ನನಗೆ ಇರುವ ನಂಬಿಕೆ ಇಷ್ಟೇ. ಅದರ ಮುಕ್ಕಾಲು ಪಾಲು ಕೆಲಸ ಊರು ಬಿಡುವ ಮೊದಲೇ ಮುಗಿದಿರಬೇಕು. ಎರಡು ವಾರ ಎಂದರೆ ಕೇಳಲು ದೊಡ್ಡದು. ಹೋಗುವ ದಿನ, ಬರುವ ದಿನ, ನಡುವಿನ ಶನಿವಾರ-ಭಾನುವಾರ, ನಿದ್ದೆ ಹದಕ್ಕೆ ಬರಲು ಬೇಕಾದ ಮೊದಲ ದಿನ ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದು ಒಂದು ವಾರಕ್ಕಿಂತ ತುಸು ಹೆಚ್ಚು. ವರ್ಷಗಟ್ಟಲೆ ಇರಲು ಹೋದವರಿಗೆ ತಡವರಿಸಲು ಪುರಸೊತ್ತುಂಟು. ವಾರದ ಅತಿಥಿಗೆ ಅದಿಲ್ಲ. ಅಲ್ಲಿ ಹೋಗಿ ಲ್ಯಾಪ್‌ಟಾಪಿಗೆ ತಂತ್ರಾಂಶ ಹಾಕಿಕೊಳ್ಳುತ್ತ, ಆತಿಥೇಯರ ಪ್ರಬಂಧಗಳನ್ನು ಮೊದಲ ಸಲ ಓದುತ್ತ ಕೂತರೆ ಪ್ರೀತಿಯಿಂದ ಕಾಫಿ ಕೊಟ್ಟು ಕಳಿಸುತ್ತಾರೆ, ಅಷ್ಟೇ. ಹಾಗೆ ಆಗಬಾರದು. ಸಾರ್ವಜನಿಕರ ದುಡ್ಡಿನಲ್ಲಿ, ಬಡ ಮಧ್ಯಮವರ್ಗದ ಮನೆಗಳ ಆಸೆಯನ್ನು ಹೊತ್ತು ಹೋಗುವ ನಮ್ಮ ಮಕ್ಕಳಿಗೆ ಆ ದಿನಗಳು ತುಂಬ ಬೆಲೆಯವು.

ಬರ್ಗೆನ್‌ಗೇ ಹೋಗುವವರು ತಿಳಿದಿರಬೇಕಾದ ಮೊದಲ ಸಂಗತಿ ಮಳೆ. ಊರು ಇರುವುದು 60 ಡಿಗ್ರಿ ಉತ್ತರ ಅಕ್ಷಾಂಶ ದಾಟಿ, ಅಂದರೆ ಹೆಚ್ಚುಕಡಿಮೆ ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯ ನೇರಕ್ಕೆ. ಆದರೂ ಹಿಮಗಟ್ಟಿ ಕೂತ ಊರಲ್ಲ. ಅಟ್ಲಾಂಟಿಕ್ ಸಾಗರದ ಬೆಚ್ಚಗಿನ ನೀರು ಉತ್ತರಕ್ಕೆ ಹರಿಯುತ್ತದೆ, ನೈರುತ್ಯದ ಗಾಳಿ ಆ ಬಿಸುಪನ್ನೂ ತೇವವನ್ನೂ ದಡಕ್ಕೆ ತರುತ್ತದೆ. ದಡದಲ್ಲಿ ಗುಡ್ಡಗಳು ಗೋಡೆ ಕಟ್ಟಿ ನಿಂತಿವೆ. ಊರಿನವರು ಅವುಗಳನ್ನು ಏಳು ಬೆಟ್ಟಗಳೆಂದು ಎಣಿಸುತ್ತಾರೆ. ಎಲ್ಲಕ್ಕಿಂತ ಎತ್ತರದ ಉಲ್ರಿಕೆನ್ 643 ಮೀಟರ್. ಗಾಳಿ ಬೆಟ್ಟ ಹತ್ತಿ ತಣಿಯುತ್ತದೆ, ತೇವ ಮಳೆಯಾಗಿ ಇಳಿಯುತ್ತದೆ. ಕುಮಟೆಯಿಂದ ಹೋಗುವ ಹುಡುಗಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ, ನಡುವಿನ ಕಿರುಪಟ್ಟಿಯಲ್ಲಿ ಜನವಸತಿ. ನಕ್ಷೆಯ ಹೆಸರು ಮುಚ್ಚಿ ತೋರಿಸಿದರೆ ಎರಡೂ ಒಂದೇ ಕಥೆ.

ಕಥೆ ಒಂದೇ ಆದರೂ ಕಾಲ ಬೇರೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಮುಗಿಯುತ್ತದೆ. ಬರ್ಗೆನ್ ಮಳೆ ಅದಕ್ಕಿಂತ ಕಡಿಮೆ, ಎರಡು ಸಾವಿರದ ಐನೂರು ಮಿಲಿಮೀಟರಿನ ಆಸುಪಾಸು. ಆದರೆ ಅದು ವರ್ಷದುದ್ದಕ್ಕೂ ಹಂಚಿಕೊಂಡು, ಇನ್ನೂರಕ್ಕೂ ಹೆಚ್ಚು ದಿನ ಬೀಳುತ್ತದೆ. 2006ರ ಅಕ್ಟೋಬರ್ ಕೊನೆಯಿಂದ 2007ರ ಜನವರಿಯವರೆಗೆ ಸತತ 85 ದಿನ ಮಳೆ ಬಂದದ್ದನ್ನು ಅಲ್ಲಿನವರು ಈಗಲೂ ಹೇಳುತ್ತಾರೆ. ಒಣ ತಿಂಗಳುಗಳು ಏಪ್ರಿಲ್‌ನಿಂದ ಜೂನ್. ನವೆಂಬರ್ ಅಂದರೆ ಮಳೆಯ ನಟ್ಟನಡುವೆ.

ಇದೇ ಮಳೆಯಿಂದ ಆ ಊರಿನಲ್ಲಿ ಒಂದು ವಿಜ್ಞಾನವೂ ಹುಟ್ಟಿತು. ಅದನ್ನು ಅರಿತು ಹೋಗುವವರಿಗೆ ಬರ್ಗೆನ್ ಬೇರೆಯೇ ಊರಾಗಿ ಕಾಣುತ್ತದೆ.

1917ರಲ್ಲಿ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಎಂಬ ಭೌತವಿಜ್ಞಾನಿ ಜರ್ಮನಿಯ ಲೈಪ್‌ಜಿಗ್ ಬಿಟ್ಟು ಬರ್ಗೆನ್‌ಗೆ ಬಂದರು. ಅಲ್ಲಿ ಹೊಸದಾಗಿ ಭೂಭೌತ ಸಂಸ್ಥೆ ಶುರುವಾಗುತ್ತಿತ್ತು. ಮೊದಲ ಮಹಾಯುದ್ಧದ ಕಾಲ. ಯುದ್ಧದಲ್ಲಿ ತಟಸ್ಥವಾಗಿದ್ದರೂ ನಾರ್ವೆಗೆ ಹೊರಗಿನಿಂದ ಧಾನ್ಯ ಬರುವುದು ಕಷ್ಟವಾಗಿತ್ತು, ಇದ್ದ ಬೆಳೆ ಉಳಿಸಿಕೊಳ್ಳಲು ರೈತರಿಗೆ ಹವಾಮಾನದ ಸುಳಿವು ಬೇಕಿತ್ತು. ಪಶ್ಚಿಮದಿಂದ ಬರುವ ಬಿರುಗಾಳಿಯ ಸುದ್ದಿ ಮೊದಲು ಸಿಗುವುದು ಬ್ರಿಟನ್ನಿನಿಂದ. ಯುದ್ಧದಿಂದಾಗಿ ಆ ತಂತಿ ಸಂದೇಶಗಳೂ ನಿಂತಿದ್ದವು. ಬ್ಯರ್ಕ್‌ನೆಸ್ ಮತ್ತು ಜೊತೆಗಾರರು ಕರಾವಳಿಯುದ್ದಕ್ಕೂ ಹೊಸ ವೀಕ್ಷಣಾ ಠಾಣೆಗಳನ್ನು ತೆರೆದರು. ದೀಪಸ್ತಂಭದ ಕಾವಲುಗಾರರು, ಮೀನುಗಾರರು, ರೈತರು ಗಾಳಿಯ ದಿಕ್ಕು, ಮೋಡದ ಬಗೆ, ಆಕಾಶದ ಬಣ್ಣ ಬರೆದು ಕಳಿಸತೊಡಗಿದರು. ಹೀಗೆ ಹತ್ತಿರ ಹತ್ತಿರದಲ್ಲಿ ವೀಕ್ಷಣೆ ದೊರೆತಾಗ ನಕ್ಷೆಯ ಮೇಲೆ ಅದುವರೆಗೆ ಯಾರಿಗೂ ಕಾಣದ ಗೆರೆಗಳು ಕಂಡವು. ತಣ್ಣನೆಯ ಗಾಳಿರಾಶಿಯೂ ಬೆಚ್ಚನೆಯ ಗಾಳಿರಾಶಿಯೂ ಎದುರುಬದುರಾಗುವ ಗಡಿಗಳು ಅವು. ಯುದ್ಧದ ಸುದ್ದಿ ದಿನವೂ ಕಿವಿಗೆ ಬೀಳುತ್ತಿದ್ದ ಕಾಲದಲ್ಲಿ ಆ ಗಡಿಗೆ ರಣರಂಗದ ಹೆಸರನ್ನೇ ಇಟ್ಟರು, ಫ್ರಂಟ್ ಎಂದು. ವಿಲ್ಹೆಲ್ಮ್ ಅವರ ಮಗ ಯಾಕೊಬ್ ಬ್ಯರ್ಕ್‌ನೆಸ್ 1919ರಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧ ಚಂಡಮಾರುತದ ಒಳರಚನೆಯನ್ನು ಬಿಡಿಸಿಟ್ಟಿತು. ಅದನ್ನು ಬರೆದಾಗ ಹುಡುಗನಿಗೆ ಇಪ್ಪತ್ತೊಂದರ ಪ್ರಾಯ. ಹಾಲ್ವರ್ ಸೋಲ್‌ಬರ್ಗ್, ಟೋರ್ ಬೆರ್ಗೆರಾನ್ ಸೇರಿಕೊಂಡರು. ಮುಂದೆ ಅಮೆರಿಕದಲ್ಲಿ ಹವಾಮಾನ ಶಾಸ್ತ್ರವನ್ನು ಕಟ್ಟಿದ ಕಾರ್ಲ್ ಗುಸ್ತಾಫ್ ರಾಸ್‌ಬಿ ಕೂಡ ಇಲ್ಲಿಯೇ ಪಳಗಿದವರು. ಟಿವಿಯಲ್ಲಿ ಯುರೋಪಿನ ಹವಾಮಾನ ತೋರಿಸುವಾಗ ಕಾಣುವ ನೀಲಿ, ಕೆಂಪು ಹಲ್ಲುಗೆರೆಗಳ ಮೂಲ ಈ ಊರು.

ನಮ್ಮ ಮುಂಗಾರಿಗೆ ಈ ಗೆರೆಗಳು ಒಗ್ಗುವುದಿಲ್ಲ. ಉಷ್ಣವಲಯದಲ್ಲಿ ಬಿಸಿ-ತಣ್ಣನೆ ಗಾಳಿರಾಶಿಗಳ ಅಂಥ ಚೂಪು ಗಡಿಯಿಲ್ಲ. ನಮ್ಮ ಕರಾವಳಿಯ ಮಳೆಯ ಹಿಂದಿರುವುದು ಬೇರೆ ಯಂತ್ರ. ಅರಬ್ಬಿ ಸಮುದ್ರದ ಅಂಚಿನ ಒತ್ತಡದ ತೊಟ್ಟಿ, ಘಟ್ಟದ ತಡೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸೆಳೆತ. ಹಾಗಿದ್ದರೆ ಬರ್ಗೆನ್‌ನಲ್ಲಿ ನಮ್ಮವಳಿಗೇನು ಕೆಲಸ? ಇದಕ್ಕೆ ಉತ್ತರ ಇನ್ನೊಂದು ಎಳೆಯಲ್ಲಿದೆ. ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಎಳೆ ಅದು.

1899ರಲ್ಲಿ ಮುಂಗಾರು ಕೈಕೊಟ್ಟು ಭಾರತದಲ್ಲಿ ಭೀಕರ ಕ್ಷಾಮ ಬಿತ್ತು. ಐದು ವರ್ಷದ ನಂತರ, 1904ರಲ್ಲಿ, ಗಿಲ್ಬರ್ಟ್ ವಾಕರ್ ಎಂಬ ಕೇಂಬ್ರಿಜ್ ಗಣಿತಜ್ಞ ಇಲ್ಲಿನ ವೀಕ್ಷಣಾಲಯಗಳ ಮಹಾನಿರ್ದೇಶಕರಾಗಿ ಬಂದರು. ಮುಂಗಾರನ್ನು ಮುಂಚಿತವಾಗಿ ಹೇಳಬಹುದೇ ಎಂಬ ಒಂದೇ ಪ್ರಶ್ನೆ ಹಿಡಿದು ಜಗತ್ತಿನ ಮೂಲೆಮೂಲೆಯ ಒತ್ತಡ, ಮಳೆ, ಉಷ್ಣತೆಯ ಅಂಕಿಗಳನ್ನು ತರಿಸಿ, ಭಾರತೀಯ ಗುಮಾಸ್ತರ ದಂಡನ್ನೇ ಕೂರಿಸಿ ಕೈಯಲ್ಲಿ ಲೆಕ್ಕ ಮಾಡಿಸಿದರು. ಪೆಸಿಫಿಕ್‌ನಲ್ಲಿ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ ಎಂಬುದು ಆ ಲೆಕ್ಕದಿಂದ ಹೊರಬಂತು. ಯಾಕೆ ಹೀಗೆ ಎಂದು ಅವರಿಗೆ ಹೇಳಲಾಗಲಿಲ್ಲ. ಕಾರಣವಿಲ್ಲದ ಅಂಕಿಯಾಟ ಎಂದು ಹಲವರು ಅದನ್ನು ಬದಿಗಿಟ್ಟರು. ಕಾರಣ ಸಿಕ್ಕಿದ್ದು 1960ರ ದಶಕದಲ್ಲಿ. ಬರ್ಗೆನ್‌ನಲ್ಲಿ ಇಪ್ಪತ್ತೊಂದರ ವಯಸ್ಸಿನಲ್ಲಿ ಹೆಸರು ಮಾಡಿದ್ದ ಯಾಕೊಬ್ ಬ್ಯರ್ಕ್‌ನೆಸ್ ಆಗ ಎಪ್ಪತ್ತರ ಹತ್ತಿರದವರು, ಲಾಸ್ ಏಂಜಲಿಸ್‌ನಲ್ಲಿದ್ದರು. ಪೆರು ದೇಶದ ಕರಾವಳಿಯಾಚೆ ಕಡಲು ಬಿಸಿಯಾಗುವ ಎಲ್ ನಿನೊ ಮತ್ತು ವಾಕರ್ ಕಂಡ ಒತ್ತಡದ ಏರಿಳಿತ ಒಂದೇ ವಿದ್ಯಮಾನದ ಎರಡು ಮುಖ ಎಂದು ಅವರು ತೋರಿಸಿದರು. ಪೆಸಿಫಿಕ್ ಮೇಲಿನ ಪೂರ್ವ-ಪಶ್ಚಿಮ ಗಾಳಿಚಕ್ರಕ್ಕೆ 1969ರಲ್ಲಿ ವಾಕರ್ ಅವರ ಹೆಸರನ್ನೇ ಇಟ್ಟರು. ಈಗ ಮೇ ತಿಂಗಳು ಬಂದರೆ ನಮ್ಮ ಹಳ್ಳಿಯ ಚಹಾದಂಗಡಿಯಲ್ಲೂ ಎಲ್ ನಿನೊ ಮಾತು. ಸಿಮ್ಲಾದಲ್ಲಿ ಕೂತು ಮಾಡಿದ ಲೆಕ್ಕಕ್ಕೆ ಬರ್ಗೆನ್‌ನಲ್ಲಿ ತಯಾರಾದ ತಲೆಯೊಂದು ಅರ್ಥ ಕೊಟ್ಟದ್ದರಿಂದ ಆ ಮಾತು ಇಲ್ಲಿಗೆ ಬಂತು.

ಎಲ್ ನಿನೊ ಬಂದ ವರ್ಷವೆಲ್ಲ ಮುಂಗಾರು ಸೋಲುವುದೂ ಇಲ್ಲ. 2015ರಲ್ಲಿ ಸೋತಿತು, ಪ್ರಬಲ ಎಲ್ ನಿನೊ ಇದ್ದ 1997ರಲ್ಲಿ ಸೋಲಲಿಲ್ಲ. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ ಪೂರ್ವ ಭಾಗ ತಣ್ಣಗಾಗಿತ್ತು. ಹೀಗೆ ನಮ್ಮ ಕಡಲಿನೊಳಗೇ ಇರುವ ಏರುಪೇರನ್ನು ಅರ್ಥಮಾಡಿಕೊಳ್ಳಲು ಕಡಲು-ಗಾಳಿ ಎರಡನ್ನೂ ಒಟ್ಟಿಗೆ ನೋಡುವವರು ಬೇಕು. ಬರ್ಗೆನ್‌ನಲ್ಲಿ ಅಂಥವರಿದ್ದಾರೆ. ಅಲ್ಲಿನ ನಾನ್ಸೆನ್ ಕೇಂದ್ರದ ಜೊತೆಗಾರ ಸಂಸ್ಥೆಯೊಂದು ನಮ್ಮ ಕೊಚ್ಚಿಯಲ್ಲೇ ಇದೆ. ನಮ್ಮವಳ ಪ್ರಶ್ನೆ ಹುಟ್ಟಿದ್ದೂ ಇಲ್ಲೇ: ಜೂನ್ ಮೊದಲ ವಾರಗಳಲ್ಲಿ ಕರಾವಳಿಯಲ್ಲಿ ಸುರಿಯುವ ಭಾರೀ ಮಳೆ ಕಡಲ ಮೇಲೆಯೇ ಸಂಘಟಿತವಾಗಿ ಬರುತ್ತದೆಯೋ, ಘಟ್ಟದ ತಡೆಯಿಂದ ಹಿಂದಕ್ಕೆ ಹರಡುತ್ತದೆಯೋ? ನಾರ್ವೆಯ ಬೆಟ್ಟಗಳ ಎದುರು ಇದೇ ಬಗೆಯ ಪ್ರಶ್ನೆಯನ್ನು ಅವರು ದಶಕಗಳಿಂದ ಕೇಳುತ್ತಿದ್ದಾರೆ. ಅವರ ವಿಧಾನವನ್ನು ಇವಳು ಕಲಿಯಬಹುದು, ಉಷ್ಣವಲಯದ ಮಳೆಯ ಬಗ್ಗೆ ಅವರಿಗೆ ಹೇಳಲು ಇವಳ ಬಳಿಯೂ ಸಾಕಷ್ಟಿದೆ. ಕೊಡಲು ಏನಾದರೂ ಇಟ್ಟುಕೊಂಡು ಹೋಗುವ ಅತಿಥಿಯ ಮಾತಿಗೆ ತೂಕ ಹೆಚ್ಚು.

ಇಷ್ಟು ತಿಳಿದ ಮೇಲೆ ಕಾಗದಪತ್ರದ ಮಾತು. ಇದರಲ್ಲಿ ಜಾಣ್ಮೆಗಿಂತ ಶಿಸ್ತು ಮುಖ್ಯ. ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ ಷೆಂಗೆನ್ ಒಪ್ಪಂದದಲ್ಲಿದೆ. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶದ ವೀಸಾ ಕೇಳಬೇಕು. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನ ಉಳಿದಾಗ ಓಡಾಡುವುದು ಜೂಜು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗೆನ್ ಬಿಡುವ ದಿನದ ಆಚೆಗೂ ಮೂರು ತಿಂಗಳ ಅವಧಿ ಇರಬೇಕು. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ. ಆಹ್ವಾನಪತ್ರದಲ್ಲಿ ದಿನಾಂಕ, ಕೆಲಸದ ಸ್ವರೂಪ, ವಸತಿ ಮತ್ತು ಖರ್ಚು ಯಾರದು ಎಂಬುದು ಸ್ಪಷ್ಟವಾಗಿರಲಿ. ಅಲ್ಲಿಂದ ಸಂಬಳವೋ ಗೌರವಧನವೋ ಬರುವುದಾದರೆ ಬೇರೆ ಅನುಮತಿ ಬೇಕೇ ಎಂದು ಆತಿಥೇಯ ಸಂಸ್ಥೆಯ ಕಚೇರಿಯನ್ನು ಮೊದಲೇ ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯುವುದು ಒಳ್ಳೆಯದು. ಈ ಬದಿಯಲ್ಲಿ ಗೈಡ್ ಸಹಿ, ವಿಭಾಗದ ಸಹಿ, ರಿಜಿಸ್ಟ್ರಾರ್ ಕಚೇರಿಯ ಎನ್‌ಒಸಿ. ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ತೆಗೆದುಕೊಳ್ಳುವ ಕಾಲವನ್ನು ವೀಸಾ ಕಾಲದ ಜೊತೆ ಕೂಡಿಸಿಯೇ ಲೆಕ್ಕ ಹಾಕಬೇಕು. ಕೇಂದ್ರದ ಅನುದಾನದಲ್ಲಿ ಹೋಗುವವರು ವಿಮಾನದ ಟಿಕೆಟನ್ನು ಬಾಮರ್ ಲಾರಿ, ಅಶೋಕ ಟ್ರಾವೆಲ್ಸ್, ಐಆರ್‌ಸಿಟಿಸಿಯಂಥ ಅಧಿಕೃತ ಏಜೆಂಟರಿಂದಲೇ ಕೊಳ್ಳಬೇಕೆಂಬ ನಿಯಮವಿದೆ; ಅಗ್ಗವಾಗಿ ಸಿಕ್ಕಿತೆಂದು ಬೇರೆ ಕಡೆ ಕೊಂಡರೆ ಟಿಎ ಬಿಲ್ ಆಗುವುದಿಲ್ಲ. ಬೋರ್ಡಿಂಗ್ ಪಾಸ್ ಎಸೆಯಬಾರದು. ಇನ್ನೊಂದು: ಆಹ್ವಾನಪತ್ರ, ವಿಮೆ, ವಾಪಸು ಟಿಕೆಟಿನ ಪ್ರತಿ ಕೈಚೀಲದಲ್ಲಿರಲಿ. ಬೆಂಗಳೂರಿನಿಂದ ಬರ್ಗೆನ್‌ಗೆ ನೇರ ವಿಮಾನವಿಲ್ಲ. ಫ್ರಾಂಕ್‌ಫರ್ಟ್ ಇರಲಿ, ಆಮ್‌ಸ್ಟರ್‌ಡ್ಯಾಮ್ ಇರಲಿ, ಷೆಂಗೆನ್‌ನ ಮೊದಲ ನೆಲದಲ್ಲೇ ವಲಸೆ ಅಧಿಕಾರಿಯ ಪ್ರಶ್ನೆ ಎದುರಾಗುತ್ತದೆ. ದೊಡ್ಡ ಸೂಟ್‌ಕೇಸ್ ಆಗ ಎಲ್ಲೋ ಇರುತ್ತದೆ.

ಬಟ್ಟೆಯ ವಿಚಾರದಲ್ಲಿ ನಮ್ಮವರ ಯೋಚನೆ ಸಾಮಾನ್ಯವಾಗಿ ಒಂದು ಭಾರೀ ಜಾಕೆಟ್‌ಗೆ ಹೋಗಿ ನಿಲ್ಲುತ್ತದೆ. ಬರ್ಗೆನ್‌ನ ನವೆಂಬರಿಗೆ ಅದು ಸರಿಯಾದ ಉಡುಪಲ್ಲ. ಅಲ್ಲಿ ಸೊನ್ನೆಯ ಮೇಲೆ ನಾಲ್ಕೈದು ಡಿಗ್ರಿ, ಗಾಳಿ, ಬಿಡದ ಮಳೆ. ಹತ್ತಿ ಬಟ್ಟೆ ಒದ್ದೆಯಾದರೆ ಮೈಗೆ ಅಂಟಿ ಚಳಿ ಹಿಡಿಸುತ್ತದೆ. ಉಣ್ಣೆ ಒದ್ದೆಯಾದರೂ ಬಿಸುಪು ಬಿಡುವುದಿಲ್ಲ. ಆದ್ದರಿಂದ ಮೈಗೆ ತಾಗುವಂತೆ ತೆಳು ಉಣ್ಣೆಯ ಒಳಂಗಿ, ಮೇಲೆ ಒಂದು ಸ್ವೆಟರ್, ಹೊರಗೆ ನೀರು ನುಗ್ಗದ, ತಲೆ ಮುಚ್ಚುವ ಟೊಪ್ಪಿಯುಳ್ಳ ಮಳೆಯಂಗಿ. ಒಳಗೆ ಎಲ್ಲ ಕಟ್ಟಡಗಳೂ ಬೆಚ್ಚಗಿರುತ್ತವೆ, ಹಾಗಾಗಿ ಕಳಚಿ ಹಾಕಿಕೊಳ್ಳಲು ಆಗುವಂಥ ಪದರಗಳೇ ವಾಸಿ. ಗಾಳಿಗೆ ಕೊಡೆ ಮಗುಚಿಕೊಳ್ಳುತ್ತದೆ. ನಮ್ಮ ಘಟ್ಟದ ಕೆಳಗೂ ಮೇಲೂ ಗದ್ದೆ ಕೆಲಸಕ್ಕೆ ಹೋಗುವವರು ಕೊಡೆ ಹಿಡಿಯದೆ ಕಂಬಳಿಕೊಪ್ಪೆ ಹೊದ್ದು ಇಡೀ ದಿನ ಮಳೆಯಲ್ಲಿ ನಿಂತದ್ದು ಇದೇ ತಿಳಿವಳಿಕೆಯಿಂದ: ಉಣ್ಣೆ, ತಲೆಯಿಂದ ಬೆನ್ನಿನವರೆಗೆ ಇಳಿಯುವ ಹೊದಿಕೆ, ಕೆಲಸಕ್ಕೆ ಬಿಡುವಾಗಿ ಎರಡು ಕೈ. ವಿದ್ಯಾರ್ಥಿನಿಗೆ ಇದನ್ನು ಹೇಳಿದಾಗ ಅವಳು ಬಟ್ಟೆಯ ಪಟ್ಟಿಯನ್ನು ಅಲ್ಲೇ ತಿದ್ದಿದಳು. ಬೂಟು ನೀರು ತಡೆಯಬೇಕು, ಅಡಿ ಜಾರಬಾರದು. ಒಮ್ಮೆ ಹಿಮ ಬಿದ್ದು ಕರಗಿ ಮತ್ತೆ ಹೆಪ್ಪುಗಟ್ಟಿದರೆ ಕಲ್ಲುಹಾಸಿನ ಇಳಿಜಾರು ಬೀದಿಗಳು ಗಾಜಿನಂತಾಗುತ್ತವೆ. ಆಗ ಬೂಟಿನ ತಳಕ್ಕೆ ಸಿಕ್ಕಿಸುವ ಮುಳ್ಳುಪಟ್ಟಿ ಅಲ್ಲಿಯ ಅಂಗಡಿಗಳಲ್ಲೇ ಸಿಗುತ್ತದೆ. ಮನೆಯೊಳಗೆ ಹೋಗುವಾಗ ಚಪ್ಪಲಿ ಬೂಟು ಬಾಗಿಲಲ್ಲೇ ಬಿಡುವ ಪದ್ಧತಿ ಅಲ್ಲೂ ಇದೆ. ತೂತಿಲ್ಲದ ಕಾಲುಚೀಲ ಒಯ್ಯಬೇಕು.

ಕತ್ತಲಿಗೂ ತಯಾರಿ ಬೇಕು. ನವೆಂಬರ್ ಮಧ್ಯದಲ್ಲಿ ಸೂರ್ಯ ಹುಟ್ಟುವುದು ಬೆಳಗಿನ ಎಂಟೂವರೆ ಕಳೆದ ಮೇಲೆ, ಮುಳುಗುವುದು ನಾಲ್ಕರ ಸುಮಾರಿಗೆ. ಡಿಸೆಂಬರ್ ಕೊನೆಗೆ ಹಗಲು ಆರು ಗಂಟೆಯೂ ಇಲ್ಲ. ಮಳೆಮೋಡವೂ ಸೇರಿದರೆ ಮಧ್ಯಾಹ್ನವೇ ಮುಸ್ಸಂಜೆ. ಮನಸ್ಸು ಕುಗ್ಗುವುದು ಸಹಜ, ಅದನ್ನು ತನ್ನ ದೌರ್ಬಲ್ಯ ಎಂದುಕೊಳ್ಳಬಾರದು. ಊಟದ ಬಿಡುವಿನಲ್ಲಿ ಬೆಳಕಿರುವಾಗಲೇ ಹೊರಗೆ ಅರ್ಧ ಗಂಟೆ ನಡೆಯಬೇಕು. ಅಕ್ಟೋಬರಿನ ಕೊನೆಯ ಭಾನುವಾರ ಯುರೋಪಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನಮಗೂ ಅವರಿಗೂ ಇರುವ ಅಂತರ ಮೂರೂವರೆಯಿಂದ ನಾಲ್ಕೂವರೆ ಗಂಟೆಗೆ ಏರುತ್ತದೆ. ಹೊರಡುವ ಮೊದಲಿನ ಆನ್‌ಲೈನ್ ಮಾತುಕತೆಗಳನ್ನು ಗೊತ್ತುಮಾಡುವಾಗ ಇದು ನೆನಪಿರಲಿ.

ಊಟದ ಚಿಂತೆ ವಿದ್ಯಾರ್ಥಿನಿಗಿಂತ ಅವಳ ತಾಯಿಗೆ ಹೆಚ್ಚು. ಫೋನಿನಲ್ಲಿ ಕೇಳಿದರು: “ಮೇಡಂ, ಅಲ್ಲಿ ಬರೀ ಬ್ರೆಡ್ಡಂತೆ. ಮನೆ ತುಪ್ಪ ಒಂದು ಡಬ್ಬಿ ಹಾಕಿ ಕಳಿಸ್ಲಾ?”

“ತುಪ್ಪ ಮಾತ್ರ ಬೇಡ ಅಕ್ಕಾ, ಅಲ್ಲಿ ಕಸ್ಟಮ್ಸ್‌ನಲ್ಲಿ ತೆಗೆದಿಡ್ತಾರೆ,” ಎಂದೆ. “ಉಪ್ಪಿನಕಾಯಿ, ಚಟ್ನಿಪುಡಿ, ಅವಲಕ್ಕಿ ಹಾಕಿ, ಸಾಕು.”

ಯುರೋಪಿನ ವಲಯದ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ನಾರ್ವೆಗೆ ಒಯ್ಯುವಂತಿಲ್ಲ. ಜಾನುವಾರು ರೋಗ ಹರಡದಿರಲಿ ಎಂಬ ಎಚ್ಚರಿಕೆಯ ನಿಯಮ ಅದು. ತುಪ್ಪ, ಪನೀರು, ಧಾರವಾಡ ಪೇಡ ಎಲ್ಲ ಅದರಲ್ಲಿ ಬರುತ್ತವೆ. ಹಸಿ ಕರಿಬೇವು, ಗಿಡ, ಬೀಜಗಳಿಗೂ ಬೇರೆ ಬಿಗಿ ನಿಯಮಗಳಿರುವುದರಿಂದ ಅವೂ ಬೇಡ. ಆತಿಥೇಯರಿಗೆ ಉಡುಗೊರೆ ಎಂದರೆ ನನ್ನ ಆಯ್ಕೆ ಶಿರಸಿಯ ಏಲಕ್ಕಿ. ಸ್ಕಾಂಡಿನೇವಿಯಾದ ಬನ್ನುಗಳಲ್ಲಿ ಏಲಕ್ಕಿ ಹಾಕುತ್ತಾರೆ. ಹಸಿರು ಕಾಯಿ ಬಿಡಿಸಿ ಮೂಸಿದ ಕೂಡಲೇ ಅವರಿಗೆ ಅದು ಪರಿಚಯದ ವಸ್ತು. ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವವರಲ್ಲಿ ಒಬ್ಬರಾದ ಅವರಿಗೆ ಚಿಕ್ಕಮಗಳೂರಿನ ಕಾಫಿಯೂ ಚೆನ್ನ. ಔಷಧಿಗಳನ್ನು ವೈದ್ಯರ ಚೀಟಿಯ ಸಮೇತ, ಸ್ಟ್ರಿಪ್‌ನಿಂದ ಬಿಡಿಸದೆ ಒಯ್ಯಬೇಕು.

ಅಲ್ಲಿ ಮಧ್ಯಾಹ್ನದ ಊಟ ಹನ್ನೊಂದೂವರೆಗೇ ಆಗುತ್ತದೆ, ಅದೂ ತಣ್ಣಗೆ. ಮನೆಯಿಂದ ಕಾಗದದಲ್ಲಿ ಸುತ್ತಿ ತಂದ ಬ್ರೆಡ್ಡಿನ ತುಂಡುಗಳು, ಮೇಲೆ ಚೀಸ್ ಅಥವಾ ಟೊಮೆಟೊ ರಸದಲ್ಲಿ ಹಾಕಿಟ್ಟ ಡಬ್ಬಿ ಮೀನು. ಆ ಮೀನು ನಮ್ಮ ಬಂಗಡೆಯ ದಾಯಾದಿ. ಪ್ರೊಫೆಸರರೂ ವಿದ್ಯಾರ್ಥಿಗಳೂ ಒಂದೇ ಮೇಜಿನಲ್ಲಿ ಕೂತು ತಿನ್ನುತ್ತಾರೆ. ಆ ಅರ್ಧ ಗಂಟೆಯನ್ನು ಯಾವ ಕಾರಣಕ್ಕೂ ತಪ್ಪಿಸಿಕೊಳ್ಳಬಾರದು. ಸೆಮಿನಾರಿನಲ್ಲಿ ಬಾಯಿ ಬಿಡದವರು ಅಲ್ಲಿ ಮಾತಾಡುತ್ತಾರೆ, ಯಾರ ಬಳಿ ಯಾವ ದತ್ತಾಂಶವಿದೆ ಎಂಬುದು ಅಲ್ಲಿ ತಿಳಿಯುತ್ತದೆ. ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ಎಷ್ಟೇ ದೊಡ್ಡ ವಿದ್ವಾಂಸರಾದರೂ ಸರ್, ಮೇಡಂ ಇಲ್ಲ. ನಮ್ಮ ಮಕ್ಕಳಿಗೆ ಮೊದಲ ದಿನ ನಾಲಿಗೆ ಹೊರಳುವುದಿಲ್ಲ, ಎರಡನೆಯ ದಿನ ಹೊರಳುತ್ತದೆ. ಉಪನ್ಯಾಸ ಹತ್ತಕ್ಕೆ ಎಂದರೆ ಶುರುವಾಗುವುದು ಹತ್ತೂಕಾಲಿಗೆ, ವಿಶ್ವವಿದ್ಯಾಲಯಗಳ ಹಳೆಯ ವಾಡಿಕೆ ಅದು. ಆದರೆ ಬೇರೆ ಭೇಟಿ, ಸಭೆಗಳಿಗೆ ಹೇಳಿದ ನಿಮಿಷಕ್ಕೆ ಇರಬೇಕು. ಸಂಜೆ ನಾಲ್ಕರ ಹೊತ್ತಿಗೆ ಹೆಚ್ಚಿನವರು ಮಕ್ಕಳನ್ನು ಕರೆತರಲು ಮನೆಗೆ ಹೊರಡುತ್ತಾರೆ. ಸಂಜೆ ಆರಕ್ಕೆ ಗೈಡ್ ಕೊಠಡಿಯ ಬಾಗಿಲು ತಟ್ಟಿ ಅಭ್ಯಾಸವಾದವರು ಕೇಳಬೇಕಾದ್ದನ್ನೆಲ್ಲ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಬೇಕು.

ದತ್ತಾಂಶದ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕಿದೆ. ಹೊನ್ನಾವರದಂಥ ಠಾಣೆಗಳ ಮಳೆಯ ಅಂಕಿಗಳನ್ನು ಭಾರತೀಯ ಹವಾಮಾನ ಇಲಾಖೆಯಿಂದ ಪಡೆಯುವಾಗ, ಇದನ್ನು ಬೇರೆಯವರಿಗೆ ಕೊಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟಿರುತ್ತೇವೆ. ಅಲ್ಲಿನ ತಂಡ ವಿಶ್ವಾಸದಿಂದ, “ಫೈಲು ಇಲ್ಲೊಂದು ಪ್ರತಿ ಹಾಕು,” ಎಂದಾಗ ಹುಡುಗಿ ಪೇಚಿಗೆ ಸಿಕ್ಕಬಾರದು. ಪುಣೆಯಿಂದ ಇಲಾಖೆಯೇ ಮುಕ್ತವಾಗಿ ಒದಗಿಸುವ ಚೌಕುಳಿ ಮಳೆ ದತ್ತಾಂಶವಿದೆ, ಯುರೋಪಿನ ಮರುವಿಶ್ಲೇಷಣೆಯ ದತ್ತಾಂಶವಿದೆ. ಒಟ್ಟಿಗೆ ಮಾಡುವ ಕೆಲಸಕ್ಕೆ ಅವನ್ನು ಬಳಸಿ, ಠಾಣೆಯ ಅಂಕಿಗಳ ಮೇಲಿನ ಲೆಕ್ಕವನ್ನು ಇಲ್ಲೇ ಮುಗಿಸಿ ಫಲಿತಾಂಶವನ್ನಷ್ಟೇ ಒಯ್ಯುವುದು ನೇರವಾದ ದಾರಿ. ಕಂಪ್ಯೂಟರ್ ಪ್ರೋಗ್ರಾಂಗಳು ಇಲ್ಲಿ ಓಡಿ ತೋರಿಸಿರಬೇಕು. ನಮ್ಮ ಸಂಸ್ಥೆಯಲ್ಲಿ ಎಡುರೋಮ್ ವೈಫೈ ಇದ್ದರೆ ಅದೇ ಲಾಗಿನ್ ಅಲ್ಲೂ ನಡೆಯುತ್ತದೆ; ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಇಲ್ಲಿಂದಲೇ ಅಳವಡಿಸಿಕೊಂಡು ಹೋದರೆ ಮೊದಲ ದಿನ ಉಳಿಯುತ್ತದೆ. ಉಪನ್ಯಾಸದ ಮೊದಲ ಚಿತ್ರ ನಮ್ಮ ಕರಾವಳಿಯ ನಕ್ಷೆಯೇ ಆಗಿರಲಿ. ಕಡಲಿನಿಂದ ಘಟ್ಟಕ್ಕೆ ಎಷ್ಟು ದೂರ, ಘಟ್ಟ ಎಷ್ಟು ಎತ್ತರ, ಜೂನ್‌ನಲ್ಲಿ ಎಷ್ಟು ಮಳೆ. ಬೆಟ್ಟದ ಬುಡದಲ್ಲೇ ಬದುಕುವ ಕೇಳುಗರು ಒಂದು ನಿಮಿಷದಲ್ಲಿ ಹಿಡಿದುಕೊಳ್ಳುತ್ತಾರೆ. ಕಾರವಾರಕ್ಕೊಂದು ಚುಕ್ಕೆ ಇಡಲು ಹೇಳಿದ್ದೇನೆ. 1952ರಲ್ಲಿ ಕೇರಳದ ನೀಂಡಕರದಲ್ಲಿ ಶುರುವಾದ ಭಾರತ-ನಾರ್ವೆ ಮೀನುಗಾರಿಕಾ ಯೋಜನೆ 1963ರಲ್ಲಿ ಕಾರವಾರಕ್ಕೂ ಬಂದಿತ್ತು. ನಾರ್ವೆ ಬೇರೆ ದೇಶಕ್ಕೆ ನೀಡಿದ ಅಭಿವೃದ್ಧಿ ನೆರವಿನ ಮೊದಲ ಯೋಜನೆ ಅದು. ಹಿರಿಯ ಕೇಳುಗರಲ್ಲಿ ಯಾರಿಗಾದರೂ ಅದರ ನೆನಪಿರಬಹುದು, ಮಾತು ಅಲ್ಲಿಂದ ಹೊರಡಬಹುದು.

ಬಿಡುವಿನ ದಿನಗಳಿಗೂ ಓದಿಕೊಂಡು ಹೋಗಬೇಕು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ದಿನಸಿ ಶನಿವಾರವೇ ತಂದಿಟ್ಟುಕೊಳ್ಳಬೇಕು. ಬಂದರಿನ ಪಕ್ಕದ ಬ್ರಿಗೆನ್ ಎಲ್ಲರೂ ನೋಡುವ ಜಾಗ, ನೋಡಲೇಬೇಕಾದ್ದೂ ಹೌದು. ಜರ್ಮನಿಯ ಹಾನ್ಸಾ ವರ್ತಕರು ಸುಮಾರು 1360ರಿಂದ ಇಲ್ಲಿ ಠಾಣ್ಯ ಹಾಕಿ, ಉತ್ತರದಿಂದ ಬಂದ ಒಣಮೀನು ಕೊಂಡು ಧಾನ್ಯ ಮಾರುತ್ತಿದ್ದರು. 1702ರ ಬೆಂಕಿಯ ನಂತರ ಮರದಲ್ಲೇ ಮತ್ತೆ ಕಟ್ಟಿದ ಸಾಲುಮನೆಗಳು 1979ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. 1955ರಲ್ಲಿ ಮತ್ತೆ ಬೆಂಕಿ ಬಿದ್ದು ಒಂದು ಭಾಗ ಸುಟ್ಟಾಗ ಆ ನೆಲವನ್ನು ಅಗೆದರು. ಮರದ ಕಡ್ಡಿಗಳ ಮೇಲೆ ರೂನ್ ಲಿಪಿಯಲ್ಲಿ ಗೀರಿದ ಬರಹಗಳು ನೂರಾರು ಸಂಖ್ಯೆಯಲ್ಲಿ ಸಿಕ್ಕವು. ಸರಕಿನ ಒಡೆಯನ ಹೆಸರು, ವ್ಯಾಪಾರದ ಒಕ್ಕಣೆ, ಗಂಡನನ್ನು ಮನೆಗೆ ಬಾ ಎಂದು ಕರೆಯುವ ಹೆಂಡತಿಯ ಮಾತು. ರಾಜರ ದಾನಶಾಸನಗಳಲ್ಲಿ ಚರಿತ್ರೆ ಹುಡುಕಿ ಅಭ್ಯಾಸವಾದ ನಮಗೆ ಈ ಕಡ್ಡಿಗಳ ಎದುರು ನಿಂತಾಗ ಆಸೆಯಾಗುತ್ತದೆ. ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಅವನ್ನು ನೋಡಬಹುದು.

ನಾನು ಒತ್ತಾಯಿಸಿ ಕಳಿಸುವ ಇನ್ನೊಂದು ಜಾಗ ಸೇಂಟ್ ಯೋರ್ಗೆನ್ ಆಸ್ಪತ್ರೆ. ಶತಮಾನಗಳ ಕಾಲ ಕುಷ್ಠರೋಗಿಗಳು ಬದುಕಿ ತೀರಿಕೊಂಡ ಮರದ ಕಟ್ಟಡ. ಕೊನೆಯ ಇಬ್ಬರು ರೋಗಿಗಳು ತೀರಿಕೊಂಡದ್ದು 1946ರಲ್ಲಿ. 1856ರಲ್ಲಿ ನಾರ್ವೆ ಶುರುಮಾಡಿದ ಕುಷ್ಠರೋಗಿಗಳ ನೋಂದಣಿ, ಇಡೀ ದೇಶಕ್ಕೆ ಅನ್ವಯವಾಗುವ ರೋಗ ನೋಂದಣಿಗಳಲ್ಲಿ ಜಗತ್ತಿಗೇ ಮೊದಲನೆಯದು. 1873ರಲ್ಲಿ ಗೆರ್ಹಾರ್ಡ್ ಅರ್ಮವರ್ ಹಾನ್ಸನ್ ಎಂಬ ವೈದ್ಯ ಈ ಊರಿನಲ್ಲೇ ಕುಷ್ಠದ ರೋಗಾಣು ಕಂಡುಹಿಡಿದರು. ಶಾಪ, ವಂಶಪಾರಂಪರ್ಯ ಎಂಬ ಹಳೆಯ ನಂಬಿಕೆಗಳ ಬುಡ ಅಲ್ಲಾಡಿತು. ಅದೇ ಹಾನ್ಸನ್ ರೋಗ ಅಂಟುತ್ತದೆಂದು ತೋರಿಸಲು ಹೊರಟು, ರೋಗಿಯೊಬ್ಬಳ ಕಣ್ಣಿಗೆ ಆಕೆಯ ಒಪ್ಪಿಗೆಯಿಲ್ಲದೆ ಸೋಂಕಿನ ದ್ರವ್ಯ ಚುಚ್ಚಿದರು. ಆಕೆ ದೂರು ಕೊಟ್ಟಳು. 1880ರಲ್ಲಿ ಬರ್ಗೆನ್‌ನ ನ್ಯಾಯಾಲಯ ಹಾನ್ಸನ್ ಅವರನ್ನು ಆಸ್ಪತ್ರೆಯ ಹುದ್ದೆಯಿಂದ ತೆಗೆಯಿತು. ಸಂಶೋಧನೆಗೆ ಕಾಲಿಡುತ್ತಿರುವ ಯಾರೇ ಆಗಲಿ ಈ ಎರಡು ಸಂಗತಿಗಳನ್ನೂ ಒಟ್ಟಿಗೇ ತಿಳಿಯಬೇಕು. ಚಳಿಗಾಲದಲ್ಲಿ ಆ ಸಂಗ್ರಹಾಲಯದ ಬಾಗಿಲು ಮುಚ್ಚಿರಬಹುದು, ಮಿಂಚಂಚೆಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು. ಮಾನವಿಕದವರಾದರೆ ವಿಟ್ಗೆನ್‌ಸ್ಟೈನ್ ಅವರ ಹಸ್ತಪ್ರತಿಗಳನ್ನು ಡಿಜಿಟಲ್ ರೂಪಕ್ಕೆ ತಂದ ಪತ್ರಾಗಾರ ಇದೇ ವಿಶ್ವವಿದ್ಯಾಲಯದಲ್ಲಿದೆ. 2025ರಲ್ಲಿ ಕೋಲ್ಕತ್ತ ಮೂಲದ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ಅವರಿಗೆ ಸಂದ ಹೋಲ್‌ಬರ್ಗ್ ಪ್ರಶಸ್ತಿಯ ನೆಲೆಯೂ ಇದೇ.

ವಿಮಾನ ನಿಲ್ದಾಣದಿಂದ ಊರೊಳಗೆ ಲಘು ರೈಲು ಮುಕ್ಕಾಲು ಗಂಟೆಯಲ್ಲಿ ತಲುಪಿಸುತ್ತದೆ. ದುಡ್ಡು ಯೂರೋ ಅಲ್ಲ, ಕ್ರೋನೆ. ಎಲ್ಲೆಡೆ ಕಾರ್ಡೇ ನಡೆಯುವುದರಿಂದ ನೋಟು ಹೆಚ್ಚು ಬೇಡ, ಎರಡು ಬೇರೆ ಬೇರೆ ಕಾರ್ಡ್ ಇರಲಿ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ನಮ್ಮ ತೆಳು ಎರಡು ಕಡ್ಡಿಯ ಪ್ಲಗ್ ಅಲ್ಲಿ ಕೂರುತ್ತದೆ, ಮೂರು ಕಡ್ಡಿಯದು ಕೂರುವುದಿಲ್ಲ.

ಅಲ್ಲಿಂದ ಹೊರಡುವ ಹಿಂದಿನ ದಿನದ ಮಧ್ಯಾಹ್ನವನ್ನು ಆತಿಥೇಯರ ಜೊತೆ ಈಗಲೇ ಗೊತ್ತುಮಾಡಿಕೊಂಡಿರಬೇಕೆಂದು ನಮ್ಮವಳಿಗೆ ಹೇಳಿದ್ದೇನೆ. ಸುತ್ತಾಟಕ್ಕೂ ಷಾಪಿಂಗ್‌ಗೂ ಆ ಮಧ್ಯಾಹ್ನ ಬೇಡ. ಇಬ್ಬರೂ ಕೂತು ಒಂದು ಪುಟ ಬರೆಯಬೇಕು: ಯಾವ ಲೆಕ್ಕ ಮುಗಿದಿದೆ, ಯಾವುದು ಅರ್ಧಕ್ಕೆ ನಿಂತಿದೆ, ಅದನ್ನು ಯಾರು ಮುಂದುವರಿಸುತ್ತಾರೆ, ಪ್ರಬಂಧವಾದರೆ ಲೇಖಕರ ಹೆಸರು ಯಾವ ಕ್ರಮದಲ್ಲಿ, ಮುಂದಿನ ಆನ್‌ಲೈನ್ ಭೇಟಿ ಯಾವ ವಾರ. ಅವಳು ಆಗಲೇ ಅವರಿಗೆ ಮೇಲ್ ಕಳಿಸಿದ್ದಾಳೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಆಗಬಹುದು, ನಿಮ್ಮ ಘಟ್ಟದ ನಕ್ಷೆಯನ್ನು ಮೊದಲೇ ಕಳಿಸಿಕೊಡಿ ಎಂದು ಉತ್ತರ ಬಂದಿದೆ.